ದಾನದ ದುಡ್ಡಿನ ಲೆಕ್ಕ ನೋಡೋಕೆ ಬಿಟ್ಟಿ ಕಿಟಕಿ: ಇಂಗ್ಲೆಂಡಿನ ಚಾರಿಟಿ ರಿಜಿಸ್ಟರ್

ಹೋಟೆಲಿಗೆ, ಫೋನಿಗೆ, ವಿಮಾನದ ಊಟಕ್ಕೂ ರಿವ್ಯೂ ಬರೆಯುತ್ತಾರೆ. ಇದಕ್ಕೆ ಯಾರೂ ಬರೆದಿದ್ದನ್ನು ನಾನು ನೋಡಿಲ್ಲ. ಚಾರಿಟಿಗಳನ್ನು, ಅಂದರೆ ದಾನದ ಸಂಸ್ಥೆಗಳನ್ನು, ನೋಡಿಕೊಳ್ಳುವ ಸರ್ಕಾರಿ ಇಲಾಖೆ ಚಾರಿಟಿ ಕಮಿಷನ್ ನಡೆಸುವ ರಿಜಿಸ್ಟರ್. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೋಂದಣಿಯಾದ ಯಾವುದೇ ಚಾರಿಟಿಯ ಹೆಸರು ಹಾಕಿದರೆ ಸಾಕು, ಐದು ವರ್ಷದ ಆದಾಯ, ಖರ್ಚು, ಟ್ರಸ್ಟಿಗಳ ಹೆಸರು ಎಲ್ಲ ಬರುತ್ತದೆ. ಲಾಗಿನ್ ಬೇಡ, ಫೀಸ್ ಇಲ್ಲ. ನಾನು ಇಲ್ಲಿ ಅಕೌಂಟ್ಸ್ ಕೆಲಸ ಮಾಡಿಕೊಂಡಿರುವವಳು. ಹೊರದೇಶಕ್ಕೆ ನೆರವು ಕಳಿಸುವವರಿಗೆ ದುಡ್ಡು ಕೊಡುವ ಮುಂಚೆ ಇಲ್ಲಿ ಒಮ್ಮೆ ಇಣುಕಿಯೇ ಕೊಡುವುದು. ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್.

ಎಲ್ಲಾದರೂ ಭೂಕಂಪವೋ ಪ್ರವಾಹವೋ ಆದರೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ. "ಒಂದು ಪೌಂಡ್ ಕೊಟ್ಟರೆ ಎಷ್ಟು ಪೆನ್ಸ್ ಅಲ್ಲಿಗೆ ಮುಟ್ಟುತ್ತೆ?" ರಿಜಿಸ್ಟರ್‌ನ ಮೊದಲ ಪುಟದಲ್ಲೇ ಇದಕ್ಕೆ ಉತ್ತರದ ಹಾಗೆ ಕಾಣುವ ಒಂದು ಚಿತ್ರ ಇರುತ್ತದೆ. ಚಾರಿಟಿ ಕೆಲಸಕ್ಕೆ ಇಷ್ಟು, ಹಣ ಸಂಗ್ರಹಕ್ಕೆ ಇಷ್ಟು ಅಂತ. ಅದನ್ನೇ ಭಾಗಿಸಿ ತೀರ್ಪು ಕೊಟ್ಟುಬಿಡುತ್ತಾರೆ ಜನ. ಸ್ವಲ್ಪ ತಡೀರಿ.

ಬಡತನದ ವಿರುದ್ಧ ಕೆಲಸ ಮಾಡುವ ದೊಡ್ಡ ಚಾರಿಟಿ ಆಕ್ಸ್‌ಫ್ಯಾಮ್ ತಗೊಳ್ಳಿ. ಊರೂರಲ್ಲಿ ಅವರ ಅಂಗಡಿಗಳಿವೆ. ಯಾರೋ ಕೊಟ್ಟ ಹಳೆ ಬಟ್ಟೆ, ಪುಸ್ತಕ, ಕಪ್ಪು-ಸಾಸರು ಮಾರುತ್ತಾರೆ. ಆ ಅಂಗಡಿಗಳ ಬಾಡಿಗೆ, ಕರೆಂಟ್ ಬಿಲ್, ಮ್ಯಾನೇಜರ್ ಸಂಬಳ ಎಲ್ಲ ಹೋಗಿ ಕೂರುವುದು "ಹಣ ಸಂಗ್ರಹದ ಖರ್ಚು" ಅನ್ನುವ ತಲೆಬರಹದ ಕೆಳಗೆ. ಅಂಗಡಿ ಲಾಭದಲ್ಲೇ ಇದ್ದರೂ ಶೇಕಡಾವಾರು ಮಾತ್ರ ಕೆಟ್ಟದಾಗಿ ಕಾಣುತ್ತದೆ. ಅಂಗಡಿಯೇ ಇಲ್ಲದ ಚಾರಿಟಿ ಅದರ ಪಕ್ಕದಲ್ಲಿ ಬಲು ಸಾಚಾ! ವ್ಯಾಪಾರದ ಆದಾಯವನ್ನು ವ್ಯಾಪಾರದ ಖರ್ಚಿನ ಪಕ್ಕ ಇಟ್ಟು ನೋಡಬೇಕು, ಬರೀ ಖರ್ಚನ್ನಲ್ಲ.

ಹಾಗಾಗಿ ಆ ಚಿತ್ರ ಬಿಟ್ಟು, ಅಲ್ಲೇ ಇರುವ ವಾರ್ಷಿಕ ವರದಿ ಮತ್ತು ಲೆಕ್ಕಪತ್ರದ ಪಿಡಿಎಫ್ ಇಳಿಸಿಕೊಳ್ಳಿ. ಮೊದಲ ಹತ್ತಾರು ಪುಟ ನಗುವ ಮಕ್ಕಳು, ಕೈಪಂಪು, ಅಧ್ಯಕ್ಷರ ಮಾತು. ಅದನ್ನೆಲ್ಲ ದಾಟಿ ಹಿಂದಕ್ಕೆ ಹೋಗಿ. ಲೆಕ್ಕದ ಮುಖ್ಯ ಪಟ್ಟಿಯಲ್ಲಿ ರೆಸ್ಟ್ರಿಕ್ಟೆಡ್, ಅನ್‌ರೆಸ್ಟ್ರಿಕ್ಟೆಡ್ ಅಂತ ಬೇರೆ ಬೇರೆ ಕಾಲಂ ಇರುತ್ತವೆ. ನೀವು "ನೇಪಾಳದ ಭೂಕಂಪಕ್ಕೆ" ಅಂತ ಹೇಳಿ ಕೊಟ್ಟ ದುಡ್ಡು ರೆಸ್ಟ್ರಿಕ್ಟೆಡ್ ಕಾಲಂಗೆ ಬರುತ್ತದೆ. ಅದನ್ನು ಬೇರೆ ಕೆಲಸಕ್ಕೆ ಮುಟ್ಟುವ ಹಾಗಿಲ್ಲ. ಇಂಥದ್ದಕ್ಕೇ ಅಂತ ಹೇಳದೆ ಕೊಟ್ಟದ್ದು ಅನ್‌ರೆಸ್ಟ್ರಿಕ್ಟೆಡ್. ಇನ್ನೂ ಹಿಂದೆ, ಟಿಪ್ಪಣಿಗಳಲ್ಲಿ, ಒಂದೊಂದು ನಿಧಿಗೂ ಒಂದೊಂದು ಸಾಲು: ವರ್ಷದ ಶುರುವಿನಲ್ಲಿ ಎಷ್ಟಿತ್ತು, ಎಷ್ಟು ಬಂತು, ಎಷ್ಟು ಹೋಯಿತು, ವರ್ಗಾವಣೆ ಎಷ್ಟು, ಕೊನೆಗೆ ಉಳಿದದ್ದೆಷ್ಟು. ಬ್ಯಾಂಕ್ ಪಾಸ್‌ಬುಕ್ ಓದಿದಂತೆ ಓದಿ. ಅದೇ ನಿಧಿ ವರ್ಷವರ್ಷವೂ ಹೆಚ್ಚುಕಡಿಮೆ ಅಷ್ಟೇ ಬ್ಯಾಲೆನ್ಸ್ ತೋರಿಸುತ್ತಿದ್ದರೆ, "ಯಾಕೆ ಹಾಗೇ ಕೂತಿದೆ?" ಅಂತ ಒಂದು ಇಮೇಲ್ ಹಾಕಿ. ವರ್ಗಾವಣೆಯ ಕಾಲಂನಲ್ಲಿ ದೊಡ್ಡ ಅಂಕಿ ಇದ್ದರೆ ಕೆಳಗೆ ಅದರ ಕಾರಣವೂ ಇರಬೇಕು. ನನಗೆ ಇಡೀ ವರದಿಯಲ್ಲಿ ತುಂಬಾ ಇಷ್ಟದ ಪುಟ ಇದು.

ಗಡಿಯಿಲ್ಲದ ವೈದ್ಯರು ಅಂತ ಕರೆಸಿಕೊಳ್ಳುವ ಎಂಎಸ್‌ಎಫ್ ಮೇಲೆ ನನಗೆ ಗೌರವ ಇರುವುದೂ ಈ ರೆಸ್ಟ್ರಿಕ್ಟೆಡ್ ಕಾಲಂನಿಂದಲೇ. 2004ರ ಡಿಸೆಂಬರಿನ ಸುನಾಮಿಯಾಗಿ ಕೆಲವೇ ದಿನಕ್ಕೆ, ಸುನಾಮಿಗೆ ಸಾಕಾಗುವಷ್ಟು ಬಂದಿದೆ, ಇನ್ನು ಅದಕ್ಕೆ ಅಂತ ಕೊಡಬೇಡಿ ಅಂದರು ಅವರು. ಆಗಲೇ ಕೊಟ್ಟವರನ್ನು, ನಿಮ್ಮ ದುಡ್ಡನ್ನು ಬೇರೆ ಕಡೆ ಬಳಸಬಹುದಾ ಅಂತ ಕೇಳಿದರು. ದೇಣಿಗೆ ಹೊಳೆಯಾಗಿ ಹರಿಯುತ್ತಿದ್ದ ಹೊತ್ತಿನಲ್ಲಿ! ಬ್ರಿಟನ್ನಿನ ಚಾರಿಟಿಗಳ ಒಕ್ಕೂಟ ಡಿಇಸಿ ಒಂದೇ ಅದೇ ಸುನಾಮಿಗೆ 39.2 ಕೋಟಿ ಪೌಂಡ್ ಎತ್ತಿತ್ತು.

ಈಗ ಒಂದು ಸ್ಟಾರ್ ಕಿತ್ತ ವಿಷಯ. ಈ ರಿಜಿಸ್ಟರ್ ತೋರಿಸುವುದು ದುಡ್ಡು ಇಲ್ಲಿನ ಬಾಗಿಲು ದಾಟುವ ತನಕ ಮಾತ್ರ. ಮಕ್ಕಳಿಗಾಗಿ ಕೆಲಸ ಮಾಡುವ ಸೇವ್ ದಿ ಚಿಲ್ಡ್ರನ್‌ನ ಬ್ರಿಟನ್ ಶಾಖೆ ತನ್ನ ಅಂತರರಾಷ್ಟ್ರೀಯ ಸಂಸ್ಥೆಗೆ ದುಡ್ಡು ಕಳಿಸುತ್ತದೆ. ಲೆಕ್ಕದಲ್ಲಿ ಅದು "ಗ್ರಾಂಟ್". ಅಲ್ಲಿಂದ ಆಯಾ ದೇಶದ ಆಫೀಸು, ಅಲ್ಲಿಂದ ಸ್ಥಳೀಯ ಪಾಲುದಾರರು. ಪ್ರತಿ ಮೆಟ್ಟಿಲಲ್ಲೂ ಆಡಿಟ್ ಇದೆ, ಕಾರು ಇದೆ, ಸಂಬಳ ಇದೆ. ಪುಣ್ಯಕ್ಕೆ ಆ ಅಂತರರಾಷ್ಟ್ರೀಯ ಸಂಸ್ಥೆಯೂ ಇದೇ ರಿಜಿಸ್ಟರ್‌ನಲ್ಲಿದೆ. ಅದನ್ನೂ ತೆಗೆದು ನೋಡಬಹುದು. ಆಮೇಲಿನದು ಕತ್ತಲು.

ಕತ್ತಲಲ್ಲಿ ಏನಾಗಬಹುದು ಅನ್ನೋದಕ್ಕೆ ಹೈಟಿ ಇದೆ. 2010ರ ಭೂಕಂಪಕ್ಕೆ ಅಮೆರಿಕನ್ ರೆಡ್ ಕ್ರಾಸ್ ಸುಮಾರು 48.8 ಕೋಟಿ ಡಾಲರ್ ಎತ್ತಿತು. ಡಾಲರಿಗೆ 91 ಸೆಂಟ್ ಹೈಟಿಗೇ ಅಂತ ಹೇಳಿಕೊಂಡಿತು. 2015ರಲ್ಲಿ ಪತ್ರಕರ್ತರು ಅಗೆದು ನೋಡಿದರೆ, ಅದು ಕಟ್ಟಿಸಿದ ಶಾಶ್ವತ ಮನೆ ಆರೇ ಆರು. ಅದರಿಂದ ದುಡ್ಡು ಪಡೆದ ಬೇರೆ ಸಂಸ್ಥೆಗಳೂ ತಂತಮ್ಮ ಆಡಳಿತದ ಖರ್ಚು ಹಿಡಿದುಕೊಂಡಿದ್ದವು. ಮರುವರ್ಷ ಅಮೆರಿಕದ ಸೆನೆಟರ್ ಗ್ರಾಸ್ಲಿ ಅವರ ವರದಿ, ಸುಮಾರು ಕಾಲು ಭಾಗ ಸಂಸ್ಥೆಯ ಒಳಖರ್ಚಿಗೆ ಹೋಗಿದೆ ಅಂದಿತು. 91 ಎಲ್ಲಿ, 75 ಎಲ್ಲಿ! ಎಲ್ಲಿ ನಿಂತು ಎಣಿಸುತ್ತೀರಿ ಅನ್ನೋದರ ಮೇಲೆ ಅಂಕಿ ಬದಲಾಗುತ್ತದೆ.

ಭಾರತಕ್ಕೆ ಹೋಗುವ ದುಡ್ಡಿಗೆ ಇನ್ನೊಂದು ಬೇಲಿ ಇದೆ, ಎಫ್‌ಸಿಆರ್‌ಎ, ಅಂದರೆ ಭಾರತದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. 2020ರ ತಿದ್ದುಪಡಿ ಆಡಳಿತ ಖರ್ಚಿನ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ಪಡೆದವರು ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗೂ ಇಲ್ಲ. ಮೆಟ್ಟಿಲು ಕಡಿಮೆಯಾಯಿತು, ನಿಜ. ಆದರೆ ದೊಡ್ಡವರ ಮೂಲಕ ದುಡ್ಡು ಪಡೆಯುತ್ತಿದ್ದ ಹಳ್ಳಿಯ ಸಣ್ಣ ಸಂಸ್ಥೆಗಳ ದಾರಿಯೂ ಮುಚ್ಚಿತು. ನನಗಂತೂ ಇದು ಒಳ್ಳೆ ವ್ಯಾಪಾರ ಅನ್ನಿಸಿಲ್ಲ.

ಸಂಬಳದ ವಿಷಯ ಬಂದರೆ ಗುಂಪಿನಲ್ಲಿ ಗಲಾಟೆ ಗ್ಯಾರಂಟಿ. ವರ್ಷಕ್ಕೆ 60,000 ಪೌಂಡ್ ಮೀರಿ ಪಡೆಯುವವರು ಎಷ್ಟು ಜನ ಅಂತ ರಿಜಿಸ್ಟರ್ ತೋರಿಸುತ್ತದಲ್ಲ, ಅದಕ್ಕೆ. ಕೋಟಿಗಟ್ಟಲೆ ಪೌಂಡ್ ನೋಡಿಕೊಳ್ಳುವ ಫೈನಾನ್ಸ್ ಮುಖ್ಯಸ್ಥರಿಗೆ ಒಳ್ಳೆ ಸಂಬಳ ಕೊಡದಿದ್ದರೆ ನನಗೆ ಭಯವಾಗುತ್ತದೆ, ಅಷ್ಟೇ ಹೇಳುತ್ತೇನೆ.

ರಿಜಿಸ್ಟರ್ ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಒಂದು ಡೈರೆಕ್ಟ್ ಡೆಬಿಟ್, ಅಂದರೆ ಬ್ಯಾಂಕ್ ಖಾತೆಯಿಂದ ತಾನಾಗಿ ಹೋಗುವ ಹಣದ ವಿಷಯದಲ್ಲಿ. ಪೇಟೆಬೀದಿಯಲ್ಲಿ ಟ್ಯಾಬ್ ಹಿಡಿದು ನಿಂತಿದ್ದ ಹುಡುಗನ ಮಾತಿಗೆ ಒಪ್ಪಿ ತಿಂಗಳ ದೇಣಿಗೆ ಶುರು ಮಾಡಿದ್ದೆ. ಹೆಸರು ಬೇಡ ಬಿಡಿ. ಹಣಕಾಸು ವರ್ಷ ಮುಗಿದು ಹತ್ತು ತಿಂಗಳೊಳಗೆ ಲೆಕ್ಕ ಸಲ್ಲಿಸಬೇಕು ಅನ್ನೋದು ನಿಯಮ. ಇವರದು ತಡವಾಗಿದೆ ಅಂತ ರಿಜಿಸ್ಟರ್‌ನಲ್ಲೇ ಕಾಣುತ್ತಿತ್ತು. ಯಾಕೆ ಅಂತ ಕೇಳಿ ಬರೆದೆ. ಉತ್ತರ ಬಂತು: ನಿಮ್ಮ ಬೆಂಬಲಕ್ಕೆ ಧನ್ಯವಾದ, ದೇಣಿಗೆ ಇನ್ನಷ್ಟು ಹೆಚ್ಚಿಸುತ್ತೀರಾ? ಅವತ್ತೇ ನಿಲ್ಲಿಸಿದೆ.

ಇನ್ನು ಚಿಲ್ಲರೆ ವಿಷಯಗಳು. ಇಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್‌ಗೆ ಟಿಕ್ ಹಾಕಿ, ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಸೇರುತ್ತದೆ. ವರ್ಷಕ್ಕೆ 25,000 ಪೌಂಡ್‌ವರೆಗಿನ ಆದಾಯದ ಸಣ್ಣ ಚಾರಿಟಿಗಳ ಲೆಕ್ಕಪತ್ರ ರಿಜಿಸ್ಟರ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ನೀವು ಬರೆದು ಕೇಳಿದರೆ ಅವರು ಕೊಡಲೇಬೇಕು, ಬೇಕಾದರೆ ಕಾಪಿಯ ಖರ್ಚು ಕೇಳಬಹುದು. ಮತ್ತೆ ಸ್ಕಾಟ್ಲೆಂಡಿನವರು ಇಲ್ಲಿ ಹುಡುಕಿ ಸಿಗದಿದ್ದರೆ "ಫ್ರಾಡ್ ಇರ್ಬೇಕು" ಅಂತ ಗುಂಪಿಗೆ ಹಾಕಬೇಡಿ. ನಿಮ್ಮ ರಿಜಿಸ್ಟರ್ ಬೇರೆ, ಅದನ್ನು ಅಲ್ಲಿನ ಚಾರಿಟಿ ನಿಯಂತ್ರಕ ಓಎಸ್‌ಸಿಆರ್ ನೋಡಿಕೊಳ್ಳುತ್ತದೆ. ಉತ್ತರ ಐರ್ಲೆಂಡಿಗೂ ಹಾಗೇ ಬೇರೆಯೇ ಒಂದಿದೆ.