82,000 ಕಿ.ಮೀ. ಆದ ಮೇಲೆ: ನಮ್ಮ ಎಸ್‌ಯುವಿ ಮತ್ತು ಅದರ ಮುಂದಿನ ಕಟಕಟ

ಈ ಗಾಡಿ ಮನೆಗೆ ಬಂದು 6 ವರ್ಷ ಆಯ್ತು. ಎಂಜಿನ್, ಗೇರ್, ಎಸಿ ಯಾವುದೂ ಕೈ ಕೊಟ್ಟಿಲ್ಲ. ಜಾಗ ಧಾರಾಳ, ದೂರದ ಪ್ರಯಾಣದಲ್ಲಿ ಮಕ್ಕಳು ಹಿಂದೆ ಆರಾಮಾಗಿ ಮಲಗುತ್ತಾರೆ. ತಲೆ ಕೆಡಿಸಿದ್ದು ಮುಂದಿನ ಸಸ್ಪೆನ್ಷನ್ ಸದ್ದು ಒಂದೇ. ಹಾಗಾಗಿ ಅದರ ಬಗ್ಗೆಯೇ ಬರೆಯುತ್ತೇನೆ.

ಶುರುವಾಗಿದ್ದು 47,000 ಕಿ.ಮೀ. ಹೊತ್ತಿಗೆ. ಕಿತ್ತುಹೋದ ರಸ್ತೆಯಲ್ಲಿ ನಿಧಾನವಾಗಿ ಹೋದರೆ ಎಡಗಡೆ ಮುಂದಿನಿಂದ ಕಟಕಟ ಅನ್ನುತ್ತಿತ್ತು. ಡಬ್ಬಿಯೊಳಗೆ ನಟ್ಟು ಹಾಕಿ ಅಲ್ಲಾಡಿಸಿದ ಹಾಗೆ. ದೊಡ್ಡ ಹಂಪ್ ಮೇಲೆ ಮಾತ್ರ ಸದ್ದೇ ಇಲ್ಲ! ಆಗ ಇದರ ಅರ್ಥ ನನಗೆ ಹೊಳೆಯಲಿಲ್ಲ.

ಮೊದಲು ಹೋದ ವರ್ಕ್‌ಶಾಪ್‌ನಲ್ಲಿ ಒಂದು ಸುತ್ತು ಓಡಿಸಿ, "ಎರಡೂ ಶಾಕ್ ಹೋಗಿದೆ" ಅಂದರು. ಶಾಕ್ ಅಂದರೆ ಗಾಡಿಯ ಕುಲುಕಾಟ ತಡೆಯುವ, ಎಣ್ಣೆ ತುಂಬಿದ ಕೊಳವೆ. ಅದರ ಮೇಲೆ ಎಣ್ಣೆ ಸೋರಿದ ಗುರುತು ಇರಲಿಲ್ಲ. ಬಾನೆಟ್ ಒತ್ತಿ ಬಿಟ್ಟರೆ ಗಾಡಿ ಒಂದೇ ಸಲ ಎದ್ದು ನಿಂತುಬಿಡುತ್ತಿತ್ತು. ಅಂದರೆ ಶಾಕ್ ಚೆನ್ನಾಗೇ ಇತ್ತು. ಆದರೂ ಬದಲಿಸಿದರು, ನಾನೂ ಒಪ್ಪಿಕೊಂಡೆ. ಗೇಟು ದಾಟಿ ಮೊದಲ ಗುಂಡಿಗೆ ಚಕ್ರ ಇಳಿದಾಗ ಅದೇ ಕಟಕಟ. ಚೆನ್ನಾಗಿದ್ದ ಭಾಗವನ್ನು ಸುಮ್ನೆ ಬಿಚ್ಚಿ ಬಿಸಾಕಿದ್ದು ಇವತ್ತಿಗೂ ಬೇಜಾರು.

ಎರಡನೇ ಮೆಕ್ಯಾನಿಕ್ ಗಾಡಿ ಮುಟ್ಟುವ ಮೊದಲೇ ಕೇಳಿದರು: "ಸದ್ದು ಯಾವಾಗ ಬರುತ್ತೆ, ಯಾವಾಗ ಬರಲ್ಲ, ಅದನ್ನ ಹೇಳಿ ಸಾರ್." ಹಂಪ್ ವಿಷಯ ಹೇಳಿದ ಕೂಡಲೇ ತಲೆಯಾಡಿಸಿದರು. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಏರುತ್ತವೆ. ಆಗ ಎರಡೂ ಬದಿಯನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್ ತಿರುಚಿಕೊಳ್ಳುವುದೇ ಇಲ್ಲ, ಅದರ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್ ರಾಡ್‌ಗಳಿಗೆ ಕೆಲಸ ಇಲ್ಲ. ಒಂದೇ ಚಕ್ರ ಗುಂಡಿಗೆ ಇಳಿದಾಗ ಬಾರ್ ತಿರುಚುತ್ತದೆ. ಲಿಂಕ್ ಸವೆದಿದ್ದರೆ ಅಲ್ಲಿ ಬಡಿಯುತ್ತದೆ.

ನಾಲ್ಕೂ ಚಕ್ರ ನೆಲದ ಮೇಲಿದ್ದ ಹಾಗೇ ಗಾಡಿಯನ್ನು ವರ್ಕ್‌ಶಾಪ್ ನೆಲದಲ್ಲಿ ತೋಡಿದ ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದರು, ನನ್ನನ್ನೂ ಕರೆದರು. ಎಡಗಡೆ ಲಿಂಕ್ ರಾಡನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಟಿಕ್ ಟಿಕ್. ನಾನೂ ಹಿಡಿದು ನೋಡಿದೆ. ಮೇಲಿನ ತುದಿಯ ರಬ್ಬರ್ ಟೋಪಿ ಹರಿದಿತ್ತು. ಒಳಗಿನ ಗ್ರೀಸ್ ಧೂಳು ಕುಡಿದು ಕಪ್ಪು ಪುಡಿಯಾಗಿತ್ತು. ಬಾಲ್ ಸಡಿಲವಾಗಿ ಆಡುವುದು ಬೆರಳಿಗೇ ಗೊತ್ತಾಗುತ್ತಿತ್ತು. ಒಂದೇ ಬದಿಗೆ ಜಾಕ್ ಕೊಟ್ಟು ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿ ಹಿಡಿಯುತ್ತದೆ, ಆಗ ಸವೆತ ಗೊತ್ತಾಗುವುದೇ ಇಲ್ಲ. ಮೊದಲಿನವರು ಹಾಗೆಯೇ ಒಂದು ಕಡೆ ಎತ್ತಿ ನೋಡಿದ್ದರು. ಎರಡೂ ಲಿಂಕ್ ಬದಲಿಸಲು ಮುಕ್ಕಾಲು ಗಂಟೆ ಸಾಕಾಯ್ತು. ಅಲೈನ್‌ಮೆಂಟ್ ಕೂಡ ಬೇಕಾಗಲಿಲ್ಲ. ಅವುಗಳಿಂದ ಇವತ್ತಿಗೂ ಸದ್ದಿಲ್ಲ.

61,000ದಲ್ಲಿ ಬೇರೆ ಸದ್ದು ಬಂತು. ಹಂಪ್ ಮೇಲೆ ನಿಧಾನವಾಗಿ ಹತ್ತಿಳಿದರೆ ಹಳೇ ಬಾಗಿಲು ತೆಗೆದ ಹಾಗೆ ಕಿರ್ರ್. ಮಳೆಯಲ್ಲಿ ಮಾಯ. ನೀರಿನ ಬಾಟಲಿಯಿಂದ ಒಂದೊಂದೇ ರಬ್ಬರ್ ಬುಷ್ (ಲೋಹದ ಭಾಗಗಳು ಸೇರುವಲ್ಲಿನ ಮೆತ್ತೆ) ಒದ್ದೆ ಮಾಡಿ, ಪ್ರತಿ ಸಲ ಗಾಡಿಯನ್ನು ಒತ್ತಿ ಕುಲುಕಿಸಿದೆ. ಬಲಗಡೆ, ಚಕ್ರವನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಲೋವರ್ ಆರ್ಮ್‌ನ ಹಿಂದಿನ ಬುಷ್‌ಗೆ ನೀರು ಬಿದ್ದಾಗ ಸದ್ದು ನಿಂತಿತು. ಟಾರ್ಚ್ ಹಿಡಿದು ನೋಡಿದರೆ ರಬ್ಬರ್ ಅರ್ಧ ಬಿಟ್ಟುಕೊಂಡಿತ್ತು. ಇಂಥ ಕಡೆ ಎಂಜಿನ್ ಆಯಿಲ್ ಬಿಡಬೇಡಿ. ಎರಡು ದಿನ ಸದ್ದು ಅಡಗಬಹುದು, ಆದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಲಿಂಕ್ ಬದಲಿಸಿದ ನಮ್ಮ ಮೆಕ್ಯಾನಿಕ್ ಆ ವಾರ ಸಿಗಲಿಲ್ಲ ಅಂತ ಬೇರೆ ಕಡೆ ಬುಷ್ ಹಾಕಿಸಿದೆ. ನಾಲ್ಕೇ ಸಾವಿರ ಕಿ.ಮೀ.ಗೆ ಹೊಸ ಬುಷ್ ಹರಿಯಿತು. ಯಾಕೆ ಅಂದರೆ ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದಿದ್ದರು. ಈ ಬುಷ್‌ನಲ್ಲಿ ರಬ್ಬರ್ ಒಳಗಿನ ಲೋಹದ ಕೊಳವೆಗೆ ಅಂಟಿಕೊಂಡೇ ಇರುತ್ತದೆ. ಆರ್ಮ್ ಏರಿ ಇಳಿದಾಗ ರಬ್ಬರೇ ತಿರುಚಿ ಮತ್ತೆ ಮೊದಲಿನ ಜಾಗಕ್ಕೆ ಬರಬೇಕು. ನೇತಾಡುವಾಗ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಕೂಡಲೇ ಅದು ತಿರುಚಿದ ಸ್ಥಿತಿಯಲ್ಲೇ ಉಳಿಯುತ್ತದೆ. ನಿಂತಾಗಲೂ ಎಳೆತ, ಓಡುವಾಗ ಇನ್ನೂ ಜಾಸ್ತಿ. ಎರಡನೇ ಸಲ ನಮ್ಮ ಮೆಕ್ಯಾನಿಕ್ ಬೋಲ್ಟನ್ನು ಬರೀ ಕೂರಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಿಟ್ಟು, ಆಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಬಿಗಿದರು. ಅಲೈನ್‌ಮೆಂಟ್ ಮಾಡಿಸಿ ಕಳಿಸಿದರು. ಅಲ್ಲಿಂದ 17,000 ಕಿ.ಮೀ. ಆಯ್ತು, ಕಿರ್ರ್ ಅಂದಿಲ್ಲ. ನಿಮ್ಮ ಗಾಡಿಗೆ ಬುಷ್ ಹಾಕಿಸುವಾಗ ಈ ಒಂದು ಮಾತು ದಯವಿಟ್ಟು ಕೇಳಿ: "ಕೊನೆಯ ಬಿಗಿತ ಗಾಡಿ ಇಳಿಸಿದ ಮೇಲೆ ತಾನೆ?"

ಈಗ ಸದ್ದು ಬಂದರೆ ಮೊದಲು ನಾನೇ ಕಿವಿ ಕೊಡುತ್ತೇನೆ. ಗುಂಡಿ ರಸ್ತೆಯಲ್ಲಿ ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟಾಗ ಕಟಕಟ ನಿಂತರೆ, ಮೊದಲು ನೋಡಬೇಕಾದ್ದು ಬ್ರೇಕ್ ಪ್ಯಾಡ್ ಮತ್ತು ಆ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ ಲಯವಾಗಿ ಟಕ್ ಟಕ್ ಬಂದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ನ ಹೊರಗಿನ ಜಾಯಿಂಟ್ ಮೇಲೆ ಅನುಮಾನ. ಲೋವರ್ ಆರ್ಮ್ ಚಕ್ರದ ಕಡೆ ಸೇರುವ ಬಾಲ್ ಜಾಯಿಂಟ್ ಸವೆದಿದೆ ಅಂತ ಗೊತ್ತಾದರೆ ಮಾತ್ರ ಒಂದು ದಿನವೂ ಓಡಿಸಬೇಡಿ. ಅದು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ, ಸ್ಟೀರಿಂಗ್ ಕೈಯಲ್ಲಿ ಉಳಿಯುವುದಿಲ್ಲ. ಮನೆಮಂದಿಯೆಲ್ಲ ಕೂರುವ ಗಾಡಿ ಅಲ್ವಾ?

ಇದೇ ಗಾಡಿಯನ್ನು ಮತ್ತೆ ಕೊಳ್ಳುತ್ತೀರಾ ಅಂದರೆ, ಹೌದು, ಕೊಳ್ಳುತ್ತೇನೆ. ಕಳೆದ ವಾರದಿಂದ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಎಡಗಡೆ ಟಂಗ್ ಅನ್ನುತ್ತಿದೆ. ಮಗಳು ಸ್ಟೀರಿಂಗ್ ತಿರುಗಿಸಿದಳು, ನಾನು ಸ್ಪ್ರಿಂಗ್ ಮೇಲೆ ಕೈಯಿಟ್ಟೆ. ಸ್ಪ್ರಿಂಗ್ ತಿರುಗದೆ ಸಿಕ್ಕಿಕೊಂಡು ಆಮೇಲೆ ಒಮ್ಮೆಲೇ ಜಿಗಿಯುತ್ತಿತ್ತು. ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಸೇರಿದ ಭಾಗ) ಮೇಲಿನ ಮೌಂಟ್ ಬೇರಿಂಗ್ ಇರಬೇಕು. ಶನಿವಾರ ನಮ್ಮ ಮೆಕ್ಯಾನಿಕ್ ಹತ್ತಿರ ಬಿಡುತ್ತಿದ್ದೇನೆ, ಬಿಚ್ಚಿ ನೋಡಿದ ಮೇಲೆ ಇಲ್ಲೇ ಸೇರಿಸುತ್ತೇನೆ.