ಪೋಲರೈಸ್ಡ್ ಕೂಲಿಂಗ್ ಗ್ಲಾಸ್: ನಿಮ್ಮ ಕೈಗೆ ಕೊಟ್ಟ ಪೀಸನ್ನೇ ಪರೀಕ್ಷಿಸಿ

ಚಿಕ್ಕಮಗಳೂರಿನ ಒಂದು ಅಂಗಡಿಯವರು ನನಗೆ ಪೋಲರೈಸ್ಡ್, ಅಂದರೆ ನೀರು, ರಸ್ತೆ ಮೇಲಿನ ಹೊಳಪು ತಡೆಯುವ ಗ್ಲಾಸ್ ಅಂತ ಹೇಳಿ ಸಾದಾ ಕಪ್ಪು ಗ್ಲಾಸ್ ಮಾರಿದರು. ಅಂಗಡಿಯ ಹೆಸರು ಬೇಡ. ಮೋಸ ಮಾಡಿದ ರೀತಿ ಮಾತ್ರ ತಿಳಿದಿರಲಿ.

ಕೌಂಟರ್ ಮೇಲೆ ಒಂದು ಟೆಸ್ಟ್ ಕಾರ್ಡ್ ಇತ್ತು. ಬರಿಗಣ್ಣಿಗೆ ಅದರಲ್ಲಿ ಏನೂ ಕಾಣುವುದಿಲ್ಲ. ಶೋಕೇಸಿನ ಗ್ಲಾಸ್ ಹಾಕಿಸಿದರು, ಮೀನಿನ ಚಿತ್ರ ಎದ್ದು ಕಂಡಿತು. "ಇದು ಡಿಸ್‌ಪ್ಲೇ ಪೀಸ್ ಸಾರ್, ನಿಮಗೆ ಹೊಸದು ಕೊಡ್ತೀನಿ" ಅಂತ ಒಳಗಿಂದ ಡಬ್ಬಿ ತಂದರು. ಅದೇ ಫ್ರೇಮ್, ಅದೇ ಸ್ಟಿಕ್ಕರ್. ಒಳಗಿನ ಮಾಲು ಮಾತ್ರ ಬೇರೆ!

ಗೊತ್ತಾಗಿದ್ದು ಹಿರೇಕೊಳಲೆ ಕೆರೆ ಹತ್ತಿರ. ನಮ್ಮ ಭಾವನಿಗೆ ಅವರ ಗ್ಲಾಸಿನಲ್ಲಿ ದಡದ ನೀರಿನೊಳಗಿನ ಕಲ್ಲು ಕಾಣುತ್ತಿತ್ತು. ನನಗೆ ಮೇಲಿನ ಹೊಳಪು ಬಿಟ್ಟರೆ ಬೇರೇನೂ ಇಲ್ಲ.

ಬಿಸಿಲಿನ ಬೆಳಕು ಎಲ್ಲಾ ದಿಕ್ಕಿಗೂ ಕಂಪಿಸುತ್ತದೆ. ನೀರು, ಒದ್ದೆ ರಸ್ತೆಯ ಮೇಲೆ ಓರೆಯಾಗಿ ಬಿದ್ದು ಹಿಂತಿರುಗುವಾಗ ಬಹುಪಾಲು ಅಡ್ಡಡ್ಡವಾಗಿ ಕಂಪಿಸುತ್ತದೆ. ನೀರಿನಲ್ಲಿ ಇದು ಲಂಬದಿಂದ ಸುಮಾರು 53 ಡಿಗ್ರಿಯಲ್ಲಿ ಪೂರ್ತಿಯಾಗುತ್ತದೆ. ಅಸಲಿ ಪೋಲರೈಸ್ಡ್ ಗ್ಲಾಸ್ ಆ ಅಡ್ಡ ಬೆಳಕನ್ನು ತಡೆದು ನೆಟ್ಟಗಿನದನ್ನು ಒಳಗೆ ಬಿಡುತ್ತದೆ. ಕಪ್ಪು ಗ್ಲಾಸ್ ಸುಮ್ನೆ ಎಲ್ಲವನ್ನೂ ಒಂದೇ ಸಮ ಮಂಕು ಮಾಡುತ್ತದೆ ಅಷ್ಟೇ.

ವಾಪಸ್ ಹೋಗಿ ಕೇಳಿದರೆ, "ಬಿಲ್‌ನಲ್ಲಿ ಸನ್‌ಗ್ಲಾಸ್ ಅಂತ ಮಾತ್ರ ಇದೆಯಲ್ಲ ಸಾರ್" ಅಂದರು. ಹೌದು, ಹಾಗೇ ಇತ್ತು. ಪೋಲರೈಸ್ಡ್ ಅಂತ ಬಿಲ್‌ನಲ್ಲಿ ಬರೆಸಿಕೊಳ್ಳಿ.

1808ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿ ಮಾಲಸ್, ಅರಮನೆಯ ಕಿಟಕಿಯಲ್ಲಿ ಹೊಳೆದ ಬಿಸಿಲನ್ನು ಹರಳಿನ ಮೂಲಕ ನೋಡಿ, ಹರಳು ತಿರುಗಿಸಿದಾಗ ಬೆಳಕು ಏರಿಳಿಯುವುದನ್ನು ಕಂಡಿದ್ದ. ಅಂಗಡಿಯಲ್ಲಿ ನೀವು ಮಾಡಬೇಕಾದ್ದೂ ಅದೇ. ಕ್ಯಾಲ್ಕುಲೇಟರ್ ಇದ್ದೇ ಇರುತ್ತದಲ್ವಾ? ನಿಮ್ಮ ಪೀಸನ್ನು ಅದರ ಡಿಸ್‌ಪ್ಲೇ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕಡೆ ಡಿಸ್‌ಪ್ಲೇ ಪೂರ್ತಿ ಕಪ್ಪಾಗಬೇಕು. ಹೇಗೆ ತಿರುಗಿಸಿದರೂ ಅಂಕಿ ಒಂದೇ ಥರ ಕಂಡರೆ ಅದು ನಕಲಿ. ಮೊಬೈಲ್ ನಂಬಬೇಡಿ, ಕೆಲವು ಸ್ಕ್ರೀನ್‌ಗಳು ಅಸಲಿ ಗ್ಲಾಸಿಗೂ ಕಪ್ಪಾಗುವುದಿಲ್ಲ.

ಇನ್ನೊಂದು ವಿಷಯ. ಪೋಲರೈಸ್ಡ್ ಅಂದರೆ ಯುವಿ (ಬಿಸಿಲಿನ ನೇರಳಾತೀತ ಕಿರಣ) ತಡೆ ಅಂತಲ್ಲ, ಅದು ಬೇರೆಯದೇ. ಯುವಿ ತಡೆಯದ ಕಡುಕಪ್ಪು ಗ್ಲಾಸಿನ ಹಿಂದೆ ಕಣ್ಣಿನ ಪಾಪೆ ಹಿಗ್ಗಿ ಅಪಾಯವೇ ಜಾಸ್ತಿ. ಯುವಿ 400, ಅಂದರೆ 400 ನ್ಯಾನೋಮೀಟರ್‌ವರೆಗಿನ ಯುವಿ ತಡೆ, ಇದೆಯಾ ಕೇಳಿ, ಅನುಮಾನ ಬಂದರೆ ಕನ್ನಡಕದ ಅಂಗಡಿಯ ಮೀಟರ್‌ನಲ್ಲಿ ಪರೀಕ್ಷೆ ಮಾಡಿಸಿ.

ಅಸಲಿ ಗ್ಲಾಸ್ ಹಾಕಿದಾಗ ಕೆಲವು ಬೈಕ್‌ಗಳ ಡಿಜಿಟಲ್ ಮೀಟರ್ ಕಪ್ಪಾಗಿ ಕಾಣಬಹುದು. ಗ್ಲಾಸ್ ಕೆಟ್ಟಿದೆ ಅಂದುಕೊಂಡು ಅದನ್ನು ವಾಪಸ್ ಕೊಡಬೇಡಿ.