ರೋಗಿಗಳ ದಿನದ ಪೂಜೆ: ಪ್ರಬೋಧನೆ ಗಟ್ಟಿ, ರ‍್ಯಾಂಪ್ ಗಿಡ್ಡ

ದಾವಣಗೆರೆಯ ಒಂದು ಕಥೋಲಿಕ ದೇವಾಲಯದಲ್ಲಿ ಫೆಬ್ರವರಿ 11ರ ವಿಶ್ವ ರೋಗಿಗಳ ದಿನಕ್ಕೆ ನಡೆಯುವ ಬಲಿಪೂಜೆಗೆ (ಮಾಸ್ ಆರಾಧನೆಗೆ) ಅಂಗವಿಕಲರನ್ನು ಕರೆದುಕೊಂಡು ಹೋಗುವವರಿಗಾಗಿ ಈ ವಿಮರ್ಶೆ.

ಮೊದಲ ತೊಡಕು ಬಾಗಿಲಲ್ಲೇ. ಮೂರು ಮೆಟ್ಟಿಲು ಸೇರಿ 18 ಇಂಚು ಎತ್ತರ. 1 ಇಂಚು ಎತ್ತರಕ್ಕೆ 12 ಇಂಚು ಉದ್ದ ಎಂಬ ಲೆಕ್ಕದಲ್ಲಿ ರ‍್ಯಾಂಪ್ 18 ಅಡಿ ಬೇಕು, ಇಲ್ಲಿರುವುದು 9 ಅಡಿ. ಅಷ್ಟು ಕಡಿದಾದರೆ ವೀಲ್‌ಚೇರಿನ ಮುಂದಿನ ಸಣ್ಣ ಚಕ್ರಗಳು ಮೇಲೆದ್ದು ಕುರ್ಚಿ ಹಿಂದಕ್ಕೆ ವಾಲುತ್ತದೆ. ಹತ್ತಿಸುವಾಗ ಹಿಂದೆ ಇಬ್ಬರು ಇರಲಿ, ಇಳಿಸುವಾಗ ಕುರ್ಚಿಯನ್ನು ಹಿಮ್ಮುಖವಾಗಿಯೇ ಇಳಿಸಿ. ಪಾಲಿಶ್ ಗ್ರಾನೈಟ್ ಬೇರೆ. ಊರುಗೋಲಿನ ರಬ್ಬರ್ ಸವೆದಿದ್ದರೆ ಜಾರುವುದು ಖಂಡಿತ. ಅಂಗಳದಲ್ಲಿ ಜಾಗವಿದೆ. 9 ಅಡಿ ಏರಿಸಿ, 5 ಅಡಿ ಸಮತಟ್ಟು ಕೊಟ್ಟು, ತಿರುಗಿಸಿ ಮತ್ತೆ 9 ಅಡಿ ಏರಿಸಿದರೆ ಸರಿಹೋಗುತ್ತದೆ.

ಪೂಜೆಗೆ ಮುನ್ನ ಒಂದು ಮಾತು ಪ್ರಕಟಿಸಬೇಕಿತ್ತು, ಪ್ರಕಟಿಸಲಿಲ್ಲ. ಪರಮಪ್ರಸಾದಕ್ಕೆ (ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿ, ದ್ರಾಕ್ಷಾರಸಕ್ಕೆ) ಮುಂಚಿನ ಒಂದು ಗಂಟೆಯ ಉಪವಾಸ ವೃದ್ಧರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಕಡ್ಡಾಯವಲ್ಲ. ಸಕ್ಕರೆ ಕಾಯಿಲೆಯವರು ತಿಂಡಿ ಬಿಟ್ಟು ಬಂದು ತಲೆ ತಿರುಗಿ ಕೂರುವುದು ಬೇಡ. ನುಂಗಲು ಕಷ್ಟವಿರುವವರಿಗೆ ರೊಟ್ಟಿಯ ಸಣ್ಣ ಚೂರು ಸಾಕು. ಅದೂ ಆಗದಿದ್ದರೆ ದ್ರಾಕ್ಷಾರಸ ಮಾತ್ರ ಕೊಡಲು ಕಥೋಲಿಕ ಧರ್ಮಸಭೆಯ ಕಾನೂನಿನಲ್ಲೇ ಅವಕಾಶವಿದೆ. ಗುರುಗಳಿಗೆ ಮುಂಚಿತವಾಗಿ ತಿಳಿಸಿ.

ಎಣ್ಣೆ ಹಚ್ಚುವ ಸಂಸ್ಕಾರವನ್ನು ಹಣೆಗೂ ಎರಡೂ ಕೈಗೂ ಅವಸರವಿಲ್ಲದೆ ನೆರವೇರಿಸಿದರು. ಇದು ಸಾಯುವವರಿಗೆ ಮಾತ್ರ ಎಂಬ ಹಳೆಯ ಭಯದಿಂದ ಕೆಲವರು ಹಿಂದೆ ಸರಿಯುತ್ತಾರೆ. ಬೈಬಲಿನ ಯಕೋಬನ ಪತ್ರದ 5ನೇ ಅಧ್ಯಾಯ ಹೇಳುವುದು ಅಸ್ವಸ್ಥರ ಬಗ್ಗೆ. ಕಾಯಿಲೆ ಉಲ್ಬಣಿಸಿದರೆ ಮತ್ತೆ ಪಡೆಯಲೂಬಹುದು. ಆದರೆ ಹುಟ್ಟಿನಿಂದ ಕಿವಿ ಕೇಳದಿದ್ದರೂ ಗಟ್ಟಿಮುಟ್ಟಾಗಿರುವ ಹುಡುಗರನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದ್ದು ಸರಿಯಲ್ಲ. ಅಂಗವೈಕಲ್ಯ ಕಾಯಿಲೆಯಲ್ಲ. ಆ ಹುಡುಗರಿಗೆ ಎಣ್ಣೆಗಿಂತ ಸಂಜ್ಞಾಭಾಷೆ ಬಲ್ಲ ಒಬ್ಬರು ಬೇಕಿತ್ತು.

ಪ್ರಬೋಧನೆ, ಅಂದರೆ ಗುರುಗಳ ಪ್ರವಚನ, ಮಾತ್ರ ಈ ಪೂಜೆಯ ತೂಕ. ಹರಿಹರದ ಆರೋಗ್ಯಮಾತೆ ಮರಿಯಳ ಸನ್ನಿಧಿಗೆ ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಕೆ ಹೊತ್ತು ಹೋಗುವ ಜನಕ್ಕೆ, ವಾಸಿಯಾಗದಿದ್ದರೆ ವಿಶ್ವಾಸ ಸಾಲದು ಎಂಬ ಅಳುಕು ಇದ್ದೇ ಇರುತ್ತದೆ. ಗುರುಗಳು ಅದನ್ನೇ ಎತ್ತಿಕೊಂಡರು. ಯೇಸುವಿನ ಪ್ರೇಷಿತ ಪೌಲ ತನ್ನ ಶರೀರದ ಮುಳ್ಳು, ಅಂದರೆ ಕಾಡುತ್ತಿದ್ದ ಬಾಧೆ, ತೊಲಗಲೆಂದು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. ಅವನ ವಿಶ್ವಾಸ ಕಡಿಮೆಯಿತ್ತೇ? ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟುಗುರುಡನನ್ನು ಕಂಡು "ಯಾರ ಪಾಪ?" ಎಂದವರಿಗೆ ಯೇಸು ಅವನದೂ ಅಲ್ಲ, ಹೆತ್ತವರದೂ ಅಲ್ಲ ಎಂದರು. "ಏನ್ ಕರ್ಮ ಮಾಡಿದ್ರೋ" ಎಂದು ನೆರೆಹೊರೆಯವರಿಂದ ಕೇಳಿಸಿಕೊಂಡ ತಾಯಂದಿರಿಗೆ ಆ ಒಂದು ವಾಕ್ಯವೇ ಸಾಕು.

ಕೊನೆಯ ಹತ್ತು ನಿಮಿಷದಲ್ಲಿ ದಾರಿ ತಪ್ಪಿತು. ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಸದ್ಗುಣ, ಅದರಿಂದ ನಿರೀಕ್ಷೆ ಎಂಬ, ಪೌಲ ರೋಮನರಿಗೆ ಬರೆದ ಪತ್ರದ 5ನೇ ಅಧ್ಯಾಯದ ಮಾತನ್ನು ನೋಡಿಕೊಳ್ಳುವವರ ತಲೆಗೆ ಕಟ್ಟಿದರು: ನಿಮ್ಮ ಶಿಲುಬೆ, ಸಂತೋಷವಾಗಿ ಹೊರಿ. ಪೌಲ ಅದನ್ನು ತನ್ನನ್ನೂ ಸೇರಿಸಿಕೊಂಡು "ನಾವು" ಎಂದು ಬರೆದ, ಪಕ್ಕದವನಿಗೆ ಬರೆದ ಔಷಧದ ಚೀಟಿಯಲ್ಲ ಅದು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗೆಳೆಯರು ಏಳು ದಿನ ಸುಮ್ಮನೆ ಜೊತೆಗೆ ಕೂತಷ್ಟು ಹೊತ್ತು ಒಳ್ಳೆಯವರಾಗಿದ್ದರು, ಬಾಯಿ ಬಿಟ್ಟ ಮೇಲೆ ಕೆಟ್ಟರು. ಇಪ್ಪತ್ತು ವರ್ಷ ಮಗನನ್ನು ಎತ್ತಿ ಸ್ನಾನ ಮಾಡಿಸಿದ ತಾಯಿಗೆ ತಿಂಗಳಿಗೊಂದು ದಿನ ಬಿಡುವು ಕೊಡಿಸುವ ನಾಲ್ಕು ಜನರನ್ನು ಧರ್ಮಸಭೆ ಗೊತ್ತುಮಾಡಲಿ.

ವಾಚನ ಓದಿದವರಲ್ಲಿ, ಕಾಣಿಕೆ ತಂದವರಲ್ಲಿ ಒಬ್ಬ ಅಂಗವಿಕಲರೂ ಇರಲಿಲ್ಲ. ಮೈಕಿನ ಸ್ಟ್ಯಾಂಡ್ ತಗ್ಗಿಸಲು ಅರ್ಧ ನಿಮಿಷ ಸಾಕು.

ಪೂಜೆಯ ನಂತರ ಮಂಡಕ್ಕಿ, ಮಿರ್ಚಿ, ಚಹಾ. ರುಚಿಗೆ ದೂರಿಲ್ಲ, ಆದರೆ ನುಂಗಲು ಕಷ್ಟಪಡುವವರಿಗೆ ಒಣ ಮಂಡಕ್ಕಿ ಗಂಟಲಿಗೆ ಅಪಾಯ. ಮನೆಯಿಂದ ಮೆತ್ತಗಿನದೇನಾದರೂ ಒಯ್ಯಿರಿ. ಶೌಚಾಲಯದ ಬಾಗಿಲು ಎರಡೇ ಅಡಿ ಅಗಲ, ವೀಲ್‌ಚೇರ್ ಒಳಗೆ ಹೋಗುವುದಿಲ್ಲ.